ಎಡಗಾಲಿನ ಲೆಕ್ಕ

ಹೊಸ ಕಾರು ತಂದವರ ಮನೆಗೆ ಹೋದವರು ಮೊದಲು ಕೇಳುವುದು ಅದರ ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ. 'ಎಷ್ಟು ಕೊಡುತ್ತೆ?' ಎಂದು ಕೇಳುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಹಿಂದೆ ಎಮ್ಮೆ ಕೊಂಡು ತಂದವರನ್ನೂ ನಮ್ಮ ಹಿರಿಯರು ಇದೇ ಮಾತಿನಲ್ಲಿ ವಿಚಾರಿಸುತ್ತಿದ್ದರು. ಕೊಟ್ಟಿಗೆಯಿದ್ದ ಜಾಗದಲ್ಲಿ ಕಾರು ಬಂದು ನಿಂತರೂ ಪ್ರಶ್ನೆ ಮಾತ್ರ ಬದಲಾಗಿಲ್ಲ.

ಈ ಮಾತುಕತೆಯಲ್ಲಿ ಹೆಂಗಸರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಮೈಲೇಜು ಎಂಬುದು ಗಂಡಸರ ಶಾಸ್ತ್ರ ಎಂದು ಯಾರೋ ಎಂದೋ ಬರೆದಿಟ್ಟಂತಿದೆ. ಆದರೆ ನಾಲ್ಕು ಜನ ಗೃಹಿಣಿಯರು ಒಂದೆಡೆ ಸೇರಿದರೆ 'ನಿಮ್ಮಲ್ಲಿ ಸಿಲಿಂಡರ್ ಎಷ್ಟು ದಿನ ಬರುತ್ತೆ?' ಎಂಬ ಮಾತು ಬಾರದೆ ಇರುತ್ತದೆಯೆ? 14.2 ಕಿಲೋ ಗ್ಯಾಸನ್ನು ಒಬ್ಬಳು ಮೂವತ್ತು ದಿನಕ್ಕೆ ಮುಗಿಸಿದರೆ, ಅಷ್ಟೇ ಜನರ ಸಂಸಾರದಲ್ಲಿ ಇನ್ನೊಬ್ಬಳು ನಲವತ್ತೈದು ದಿನ ಎಳೆಯುತ್ತಾಳೆ. ಬೇಳೆ ಮೊದಲೇ ನೆನೆಹಾಕು, ತರಕಾರಿ ಹೆಚ್ಚಿಟ್ಟುಕೊಂಡ ಮೇಲೆ ಒಲೆ ಹಚ್ಚು, ಕುಕ್ಕರ್ ಕೂಗಿದ ಮೇಲೆ ಉರಿ ಸಣ್ಣ ಮಾಡು, ಪಾತ್ರೆಗೆ ಮುಚ್ಚಳ ಮುಚ್ಚು. ಇಂಧನ ಉಳಿಸುವ ವಿದ್ಯೆಯೆಂದರೆ ಇದೇ. ಕಾರಿನಲ್ಲಿರುವುದೂ ಇದಕ್ಕಿಂತ ಬೇರೆಯದಲ್ಲ ಎಂಬುದು ನನಗೆ ನಿಧಾನವಾಗಿ ತಿಳಿಯಿತು.

ನಮ್ಮ ಮನೆಯಲ್ಲಿ ಈ ವಿಷಯ ಚರ್ಚೆಗೆ ಬಂದದ್ದು ನನ್ನ ಎಡಮಂಡಿಯ ದೆಸೆಯಿಂದ. ನಾವಿರುವುದು ತೀರ್ಥಹಳ್ಳಿಯಲ್ಲಿ. ಅಮ್ಮ ಶಿವಮೊಗ್ಗದಲ್ಲಿ ಒಬ್ಬಳೇ ಇದ್ದಾಳೆ. 'ನನ್ನ ಮನೆ ಬಿಟ್ಟು ಎಲ್ಲಿಗೂ ಬರೊಲ್ಲ' ಎನ್ನುವ ಹಟ ಅವಳದು. ವಾರಕ್ಕೊಮ್ಮೆ ಹೋಗಿ ಅವಳನ್ನು ಡಾಕ್ಟರ ಹತ್ತಿರ, ಬ್ಯಾಂಕಿಗೆ, ಅವಳ ತಂಗಿಯ ಮನೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅರವತ್ತು ಕಿಲೋಮೀಟರಿನ ದಾರಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಎಂದು ತುಂಗೆಯ ಪಕ್ಕದಲ್ಲೇ ಸಾಗುವ ರಸ್ತೆ. ಒಂದು ಸಲ ಸುಮ್ಮನೆ ಕುತೂಹಲಕ್ಕೆ ಎಣಿಸುತ್ತ ಹೋದೆ. ನಮ್ಮ ಮನೆಯಿಂದ ಅಮ್ಮನ ಮನೆಯ ಬಾಗಿಲಿಗೆ ನನ್ನ ಎಡಗಾಲು 190 ಸಲ ಕ್ಲಚ್ ಒತ್ತಿತು. ಮಂಡಿಯ ಸವೆತ ಎಂದು ಡಾಕ್ಟರು ಹೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಮನೆಯ ತೀರ್ಪು ಕೂಡಲೇ ಹೊರಬಿತ್ತು. 'ಇನ್ನು ನೀನು ಕಾರು ಬಿಡೋದು ಸಾಕು. ನನಗೆ ಬಿಡುವಾದಾಗ ನಾನೇ ಕರ್ಕೊಂಡು ಹೋಗ್ತೀನಿ' ಎಂದರು ನಮ್ಮ ಮನೆಯವರು. ಪ್ರೀತಿಯ ಮಾತೇ. ಆದರೆ ಅವರಿಗೆ ಬಿಡುವಾಗುವುದು ಭಾನುವಾರ, ಡಾಕ್ಟರು ಸಿಗುವುದು ಉಳಿದ ಆರು ದಿನ! ಹಳೆಯ ಕಾರನ್ನು ಹೇಗೂ ಬದಲಾಯಿಸಬೇಕಿತ್ತು. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ತೆಗೆದುಕೊಳ್ಳೋಣ ಎಂದೆ. 'ಅದು ಪೆಟ್ರೋಲ್ ಕುಡಿಯುತ್ತೆ ಕಣೇ' ಎಂದರು. ಮೈದುನ 'ಅದು ಲೇಡೀಸ್ ಗಾಡಿ ಅತ್ತಿಗೆ' ಎಂದು ನಕ್ಕ. ಪರಿಚಯದ ಮೆಕ್ಯಾನಿಕ್ಕು 'ಮೈಲೇಜ್ ಬೇಕಂದ್ರೆ ಮ್ಯಾನ್ಯುಯಲ್ಲೇ ಮೇಡಂ' ಎಂದ. ಮೂರು ಜನ ಗಂಡಸರು ಒಂದೇ ಮಾತು ಹೇಳಿದರೆ ಅದು ಸತ್ಯ ಎನಿಸಿಕೊಳ್ಳುತ್ತದೆ. ನಾನು ಮಾತ್ರ, ನೋಡಿಯೇ ಬಿಡೋಣ ಎಂದು ಲೆಕ್ಕಕ್ಕೆ ಕುಳಿತೆ.

ಅವರ ಮಾತಿನಲ್ಲಿ ಹಳೆಯ ಕಾಲದ ನಿಜವೊಂದಿತ್ತು. ತನ್ನಷ್ಟಕ್ಕೆ ಗೇರ್ ಬದಲಿಸಿಕೊಳ್ಳುವ ಕಾರು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದದ್ದು ಅಮೆರಿಕದಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ. ಅಂಥ ಕಾರಿನಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆ ತುಂಬಿದ ಜೋಡಣೆ ಇರುತ್ತದೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆಯಲ್ಲ, ಹಾಗೆ. ಗಾಳಿಯೆಲ್ಲ ಎದುರಿನ ಫ್ಯಾನಿಗೇ ಸಿಗುವುದಿಲ್ಲ. ಒಂದಿಷ್ಟು ಶಕ್ತಿ ನಡುವೆಯೇ ಸೋರಿಹೋಗುತ್ತಿತ್ತು. ಆಟೊಮ್ಯಾಟಿಕ್ ಎಂದರೆ ಪೆಟ್ರೋಲಿನ ದಾಹ ಎಂಬ ಹೆಸರು ಬಂದದ್ದು ಹೀಗೆ.

ನಮ್ಮಲ್ಲಿ 2014ರಲ್ಲಿ ಸೆಲೆರಿಯೊ ಎಂಬ ಸಣ್ಣ ಕಾರಿನ ಜೊತೆ ಬಂದ ಏರ್ಪಾಟು ಬೇರೆ. ಅದರೊಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ನಮ್ಮ ಕಾಲಿಗೂ ಕೈಗೂ ಬದಲಾಗಿ ಒಂದು ಯಂತ್ರ ಮಾಡುತ್ತದೆ. ಎಣ್ಣೆಯ ನಡುವೆ ಸೋರಿಹೋಗುವ ಪ್ರಶ್ನೆಯಿಲ್ಲ. ಆ ಕಾರಿನ ಎರಡೂ ಬಗೆಗೆ ಕಂಪನಿ ಹೇಳಿದ ಮೈಲೇಜು ಒಂದೇ, ಲೀಟರಿಗೆ 23.1 ಕಿಲೋಮೀಟರು. 2021ರಲ್ಲಿ ಬಂದ ಅದೇ ಹೆಸರಿನ ಹೊಸ ಕಾರಿನಲ್ಲಂತೂ ಆಟೊಮ್ಯಾಟಿಕ್ಕಿನ ಒಂದು ಮಾದರಿಗೆ 26.68 ಎಂದೂ ಮ್ಯಾನ್ಯುಯಲ್ಲಿಗೆ 25ರ ಸುಮಾರು ಎಂದೂ ಬರೆದಿದ್ದರು.

ಇವನ್ನು ತೋರಿಸಿದಾಗ ನಮ್ಮ ಮನೆಯವರು 'ಅದೆಲ್ಲ ಕಾಗದದ ಮೇಲೆ' ಎಂದರು. ಅದೂ ಸರಿಯೇ. ಪ್ರಯೋಗಶಾಲೆಯಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಇಷ್ಟು ಸೆಕೆಂಡು ಇಷ್ಟು ವೇಗ ಎಂದು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಓಡಿಸಿ ಆ ಅಂಕಿಗಳನ್ನು ತೆಗೆಯುತ್ತಾರೆ. ಅಲ್ಲಿ ಮಂಡಗದ್ದೆಯ ತಿರುವಿಲ್ಲ, ರಸ್ತೆಯ ನಡುವೆ ಮಲಗಿದ ದನವಿಲ್ಲ, ಹಿಂದಿನ ಸೀಟಿನಿಂದ 'ನಿಧಾನ, ನಿಧಾನ' ಎನ್ನುವ ಅಮ್ಮನೂ ಇಲ್ಲ. ನಿಜವಾದ ರಸ್ತೆಯಲ್ಲಿ ಎರಡು ಬಗೆಯ ಕಾರಿಗೂ ಆ ಅಂಕಿ ಸಿಗುವುದು ಅಪರೂಪ. ಹಾಗಾದರೆ ಉಳಿದ ಪೆಟ್ರೋಲು ಹೋಗುವುದೆಲ್ಲಿಗೆ?

ಒಂದಿಷ್ಟು ಬ್ರೇಕಿಗೆ ಹೋಗುತ್ತದೆ. ಪೆಟ್ರೋಲು ಸುಟ್ಟು ಗಳಿಸಿದ ವೇಗವನ್ನು ಬ್ರೇಕ್ ಒತ್ತಿದಾಗಲೆಲ್ಲ ನಾವು ಶಾಖವಾಗಿ ಚೆಲ್ಲುತ್ತೇವೆ. ಎದುರಿಗೆ ಹಂಪ್ ಕಾಣುತ್ತಿದ್ದರೂ ಅಲ್ಲಿಯವರೆಗೆ ರಭಸದಿಂದ ಹೋಗಿ ಗಕ್ಕನೆ ನಿಲ್ಲಿಸುವುದು, ಕುದಿಸಿದ ನೀರನ್ನು ಬಚ್ಚಲಿಗೆ ಸುರಿದು ಮತ್ತೆ ತಣ್ಣೀರು ಕಾಯಿಸಲು ಇಟ್ಟ ಹಾಗೆ. ಇನ್ನೊಂದಿಷ್ಟು ಗಾಳಿಯನ್ನು ಸೀಳಲು ಹೋಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ನಿಂತಲ್ಲೇ ಗುರುಗುಟ್ಟುವ ಇಂಜಿನ್ನೂ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ಕುಡಿಯುತ್ತದೆ. ಟಯರಿನ ಗಾಳಿ ಇಳಿದಿದ್ದರೆ, ಡಿಕ್ಕಿಯಲ್ಲಿ ಬೇಡದ ಸಾಮಾನು ತುಂಬಿದ್ದರೆ ಅದಕ್ಕೂ ಕಂದಾಯ ಕಟ್ಟಬೇಕು. 1978ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹೇಳುತ್ತ ಬಂದಿರುವುದೂ ಇದನ್ನೇ: 45ರಿಂದ 55 ಕಿಲೋಮೀಟರ್ ವೇಗದಲ್ಲಿ ಹೋಗಿ, ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ, ಟಯರಿಗೆ ಗಾಳಿ ನೋಡಿಕೊಳ್ಳಿ.

ಈ ಪಟ್ಟಿಯಲ್ಲಿ ಎಡಗಾಲಿನ ಕೆಲಸ ಎಲ್ಲಿದೆ, ನೋಡಿ. ಗೇರು ಮುಖ್ಯವಲ್ಲ ಎಂದಲ್ಲ. ಸಕಾಲದಲ್ಲಿ ಮೇಲಿನ ಗೇರಿಗೆ ಹೋಗದೆ ಮೂರನೆಯದರಲ್ಲೇ ಇಂಜಿನ್ನನ್ನು ಕಿರುಚಿಸುವವರು ಪೆಟ್ರೋಲನ್ನು ಸುಡುತ್ತಾರೆ. ಆದರೆ ಆ ಒಂದು ಕೆಲಸವನ್ನು ಈಗಿನ ಯಂತ್ರ ಮರೆಯದೆ, ದಣಿಯದೆ ಮಾಡಬಲ್ಲದು. ಉಳಿದದ್ದೆಲ್ಲ ಬಲಗಾಲಿನದು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು, ಎಷ್ಟು ದೂರದಿಂದ ರಸ್ತೆ ನೋಡಬೇಕು ಎಂಬುದನ್ನು ಯಂತ್ರ ನಮಗೇ ಬಿಟ್ಟಿದೆ.

ಅಮೆರಿಕದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಲ್ಲಿಯ ಹೆಚ್ಚಿನ ಕಾರುಗಳು ಆಟೊಮ್ಯಾಟಿಕ್ಕೇ ಆಗಿದ್ದವು. 1974ರ ಜನವರಿಯಲ್ಲಿ ತಂದ ಕಾನೂನು ಗೇರಿನ ಸುದ್ದಿಗೆ ಹೋಗಲಿಲ್ಲ. ಗಂಟೆಗೆ 55 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 88 ಕಿಲೋಮೀಟರು ಮೀರಬಾರದು ಎಂದಿತು. ಇಡೀ ದೇಶ ತನ್ನ ಬಲಗಾಲಿಗೆ ಪಥ್ಯ ಹೇಳಬೇಕಾಯಿತು. 1995ರಲ್ಲಿ ಆ ಕಾನೂನು ಹೋಯಿತು. ಪಥ್ಯವನ್ನು ಜನ ಎಷ್ಟು ದಿನ ಸಹಿಸಿಯಾರು? ಕೌಶಲವನ್ನು ಯಂತ್ರದ ಜೊತೆ ಕೊಂಡು ತರಬಹುದು, ಸಂಯಮವನ್ನು ತರಲಾಗುವುದಿಲ್ಲ ಎಂದು ನನಗೆ ಅನಿಸಿದ್ದು ಇದನ್ನು ಓದಿದಾಗಲೇ.

ಇಲ್ಲಿಗೆ ಮೈಲೇಜಿನ ವಾದ ಮುಗಿಯಿತು. ಆದರೆ ದುಡ್ಡಿನ ವಾದ ಉಳಿದೇ ಇತ್ತು. ಒಂದೇ ಕಾರಿನ ಆಟೊಮ್ಯಾಟಿಕ್ ಮಾದರಿಗೆ ಸುಮಾರು 50,000 ರೂಪಾಯಿ ಹೆಚ್ಚು. ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಹತ್ತು ವರ್ಷ ಇಟ್ಟುಕೊಂಡರೆ ತಿಂಗಳಿಗೆ ನಾನೂರಕ್ಕೆ ಸ್ವಲ್ಪ ಮೇಲೆ. ಇವರ ಮಾತನ್ನೇ ಒಪ್ಪಿ, ನೂರಕ್ಕೆ ಐದರಷ್ಟು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ ಎಂದುಕೊಳ್ಳೋಣ. ನನ್ನ ಓಡಾಟ ತಿಂಗಳಿಗೆ ಆರುನೂರು ಕಿಲೋಮೀಟರು. ಲೀಟರಿಗೆ ಹದಿನೆಂಟರಂತೆ ಮೂವತ್ತಮೂರು ಲೀಟರು. ಅದರಲ್ಲಿ ಐದು ಪಾಲೆಂದರೆ ಲೀಟರೂಮುಕ್ಕಾಲಿಗೂ ಕಡಿಮೆ. 2021ರಲ್ಲಿ ಪೆಟ್ರೋಲು ನೂರು ರೂಪಾಯಿ ದಾಟಿದ್ದನ್ನು ಕಂಡವರಿಗೆ ಇದೂ ಲೆಕ್ಕಕ್ಕೆ ಬರುವಂಥದೇ. ಸುಮಾರು 170 ರೂಪಾಯಿ. ಎರಡೂ ಸೇರಿ ತಿಂಗಳಿಗೆ ಆರುನೂರರ ಹತ್ತಿರ. ನಾನು ಕಾರು ಓಡಿಸುತ್ತಲೇ ಇರುವುದಕ್ಕೆ ಬೆಲೆ ಇಷ್ಟು.

ಈ ಅಂಕಿಯನ್ನು ಕಾಗದದ ಮೇಲೆ ಬರೆದು ನೋಡುತ್ತ ಕುಳಿತಾಗ ನನಗೊಂದು ಪ್ರಶ್ನೆ ಎದ್ದಿತು. ಇದು ಮೈಲೇಜಿಗಿಂತ ದೊಡ್ಡದು. ಉಳಿಸುವುದು ಎಂದರೆ ಏನು? ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಯಾರದೋ ಮೈಯಿಂದ ಹೋಗುತ್ತಿದ್ದರೆ ಅದನ್ನು ಉಳಿತಾಯ ಎನ್ನಬಹುದೆ?

ನನ್ನ ಅಜ್ಜಿಯ ಕಾಲದ ಮನೆಗಳನ್ನು ನೆನೆಸಿಕೊಳ್ಳುತ್ತೇನೆ. ಒಣಸೌದೆಯನ್ನು ಮಳೆಗಾಲಕ್ಕೆಂದು ಅಟ್ಟಕ್ಕೇರಿಸಿ, ಹಸಿ ಕಟ್ಟಿಗೆ, ತರಗೆಲೆ, ತೆಂಗಿನ ಮಟ್ಟೆಯಲ್ಲೇ ಒಲೆ ಉರಿಸುತ್ತಿದ್ದರು. ಎಂಥ ಮಿತವ್ಯಯ ಎಂದು ಹೊಗಳುತ್ತೇವೆ. ಆ ಹೊಗೆಯನ್ನು ಕುಡಿದದ್ದು ಯಾರ ಕಣ್ಣು, ಯಾರ ಎದೆ? ಮನೆಯ ಲೆಕ್ಕದ ಪುಸ್ತಕದಲ್ಲಿ ಸೌದೆಗೆ ಒಂದು ಪುಟವಿತ್ತು, ಅಜ್ಜಿಯ ಕೆಮ್ಮಿಗೆ ಇರಲಿಲ್ಲ. ಎಲ್ಲರ ಊಟವಾದ ಮೇಲೆ ಉಳಿದಷ್ಟರಲ್ಲಿ ತಾನು ಉಂಡು 'ಏನೂ ಹಾಳಾಗಲಿಲ್ಲ' ಎಂದು ತೃಪ್ತಿಪಡುತ್ತಿದ್ದವಳೂ ಅವಳೇ. ನಮ್ಮ ಮನೆಗಳ ಎಷ್ಟೋ ಉಳಿತಾಯ ಹೆಂಗಸರ ಮೈಯಿಂದ ಮುರಿದುಕೊಂಡದ್ದು. ಅದಕ್ಕೆ ರಸೀದಿ ಇಲ್ಲದ ಕಾರಣ ಅದು ಬಿಟ್ಟಿ ಎನಿಸಿಕೊಂಡಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿ, ಮುಂದೆ ಅಲ್ಲಿಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೂ ಬಂತು. ಅದರಲ್ಲಿ ಸೌದೆಯೂ ಕಡಿಮೆ ಸಾಕು, ಹೊಗೆಯೂ ಕೊಳವೆಯಿಂದ ಹೊರಗೆ ಹೋಗುತ್ತದೆ. ಆ ಒಲೆಯನ್ನು ಮಾಡಿದವರು ಸೌದೆಯ ಜೊತೆಗೆ ಒಲೆಯ ಮುಂದೆ ಕುಳಿತವಳನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಉಳಿತಾಯವೆಂದರೆ ಹೀಗಿರಬೇಕು.

ಇದಕ್ಕೆ ತದ್ವಿರುದ್ಧವಾದ ಉಳಿತಾಯವನ್ನು ಆಗುಂಬೆ ಘಾಟಿಯಲ್ಲಿ ನೋಡಬಹುದು. ಹದಿನಾಲ್ಕು ಕಡಿದಾದ ತಿರುವುಗಳ ಆ ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿಕೊಂಡು ಇಳಿಯುವವರಿದ್ದಾರೆ. ಬ್ರೇಕ್ ಕಾದು ಕೈಕೊಟ್ಟರೆ ಮುಂದಿನ ತಿರುವಿನಲ್ಲಿ ಬರುವವರ ಗತಿಯೇನು? ಅವರು ಉಳಿಸುವುದು ತಮ್ಮ ಜೇಬಿನ ನಾಲ್ಕು ಕಾಸು, ಒತ್ತೆಯಿಡುವುದು ಪರರ ಪ್ರಾಣ. ಅಷ್ಟು ಮಾಡಿಯೂ ಈಗ ಉಳಿಯುವುದೇನಿಲ್ಲ ಎಂಬುದು ಇನ್ನೊಂದು ತಮಾಷೆ. ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ, ಇಳಿಜಾರಿನಲ್ಲಿ ಚಕ್ರಗಳೇ ಇಂಜಿನ್ನನ್ನು ತಿರುಗಿಸುವುದರಿಂದ ಪೆಟ್ರೋಲು ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ ಆರದಿರಲೆಂದು ಒಂದಿಷ್ಟು ಸುಡಲೇಬೇಕು. ಹಳೆಯ ಕಾರ್ಬುರೇಟರ್ ಕಾಲದ ಉಪದೇಶವನ್ನು ಡ್ರೈವಿಂಗ್ ಕಲಿಸುವವರು ಇನ್ನೂ ಕೆಲವರು ಹೇಳುತ್ತಲೇ ಇದ್ದಾರೆ. ಆಟೊಮ್ಯಾಟಿಕ್ಕಿನಲ್ಲೂ ಘಾಟಿ ಇಳಿಯುವಾಗ ಗೇರನ್ನು ನಮ್ಮ ಕೈಗೆ ತೆಗೆದುಕೊಂಡು ಎರಡನೆಯದರಲ್ಲೇ ಹಿಡಿದಿಡಬೇಕು. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು ಆಕಾಶ ನೋಡುತ್ತ ಕೂರುವಂತಿಲ್ಲ.

ಇನ್ನು 'ಲೇಡೀಸ್ ಗಾಡಿ' ಎಂಬ ಮಾತು. 1972ರಲ್ಲಿ ಲೂನಾ ಬಂದಾಗಲೂ 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೊಂಡಾ ಬಂದಾಗಲೂ ಇದೇ ನಗೆ ಇತ್ತು. ಗೇರು ಬದಲಿಸುವುದೇ ಗಂಡಸುತನ ಎನ್ನುವ ಹಾಗೆ. ಲೀಟರಿಗೆ ಹತ್ತು ಕಿಲೋಮೀಟರು ಕಡಿಮೆ ಕೊಟ್ಟರೂ ಗೇರಿಲ್ಲದ ಸ್ಕೂಟರು ನಮ್ಮ ಊರುಗಳ ಎಷ್ಟು ಜನ ಟೀಚರುಗಳನ್ನು, ನರ್ಸುಗಳನ್ನು, ಬ್ಯಾಂಕಿನ ಗುಮಾಸ್ತೆಯರನ್ನು ಸೀರೆಯಲ್ಲೇ ಕೂರಿಸಿಕೊಂಡು ಹೊತ್ತಿಗೆ ಸರಿಯಾಗಿ ಮುಟ್ಟಿಸಿತು! ತಮ್ಮನನ್ನೋ ಗಂಡನನ್ನೋ 'ಸ್ವಲ್ಪ ಬಿಟ್ಟು ಬರ್ತೀಯಾ' ಎಂದು ಕೇಳಬೇಕಾದ ದೈನ್ಯ ತಪ್ಪಿತು. ಆ ಲಾಭವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಹೇಗೆ?

ಹೀಗೆಂದು ಸುಖವೇ ಸರಿ, ಕಷ್ಟವೆಲ್ಲ ವ್ಯರ್ಥ ಎಂದು ನಾನು ಹೇಳಹೊರಟಿಲ್ಲ. ಕೈಯ ವಿದ್ಯೆ ಹೋದಾಗ ಏನೋ ಒಂದು ಹೋಗುತ್ತದೆ. ಏರು ಬಂದಾಗ ಇಂಜಿನ್ನಿನ ದನಿ ಭಾರವಾಗುವುದನ್ನು ಕಿವಿಯಲ್ಲೇ ಕೇಳಿ, ಅದು ಒದ್ದಾಡುವ ಮೊದಲೇ ಗೇರು ಇಳಿಸಿ ಕೊಡುವುದರಲ್ಲಿ ಒಂದು ಸುಖವಿತ್ತು. ಅನ್ನದ ಕುದಿಯ ಸದ್ದಿನಲ್ಲೇ ನೀರು ಇಂಗಿತೆಂದು ತಿಳಿಯುವ ಸುಖದಂಥದು. ನನ್ನ ಮಗಳು ಅದನ್ನು ಕಲಿಯದೆಯೇ ಹೋಗಬಹುದು.

ಸುಖದ ಇನ್ನೊಂದು ಅಪಾಯವನ್ನು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಕಂಡಿದ್ದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ದೇಶದ ಕಲ್ಲಿದ್ದಲು ಉಳಿಯಲಿಲ್ಲ, ಮೊದಲಿಗಿಂತ ಹೆಚ್ಚು ಖರ್ಚಾಯಿತು. ಅಗ್ಗವಾದುದನ್ನು ಜನ ಹೆಚ್ಚು ಬಳಸುತ್ತಾರೆ. ಕಾರು ಹಗುರಾಗಿ ಓಡುತ್ತದೆ, ಪೆಟ್ರೋಲೂ ಕಡಿಮೆ ಎಂದು ರಸ್ತೆಯ ಕೊನೆಯ ಅಂಗಡಿಗೂ ಕೊತ್ತಂಬರಿ ಸೊಪ್ಪಿಗೆಂದು ಕಾರಿನಲ್ಲೇ ಹೊರಟರೆ ಎಲ್ಲಿಯ ಉಳಿತಾಯ? ತಣ್ಣಗಿನ ಇಂಜಿನ್ ಮೊದಲ ಒಂದೆರಡು ಕಿಲೋಮೀಟರಿನಲ್ಲೇ ಹೆಚ್ಚು ಕುಡಿಯುವುದು. ಸುಟ್ಟ ಪ್ರತಿ ಲೀಟರೂ ಎರಡು ಕಿಲೋಗೂ ಮೀರಿದ ಇಂಗಾಲದ ಅನಿಲವಾಗಿ ಎಲ್ಲರ ಆಕಾಶಕ್ಕೆ ಹೋಗುತ್ತದೆ. ಅದೂ ಪರರ ಮೈಮೇಲೆ ಬರೆದ ಸಾಲವೇ. ನನ್ನ ಮಂಡಿಯ ಲೆಕ್ಕ ಕೇಳುವ ನಾನು ಆ ಲೆಕ್ಕಕ್ಕೆ ಕಣ್ಣು ಮುಚ್ಚುವುದು ನ್ಯಾಯವಲ್ಲ.

ಕೊನೆಗೆ ಆಟೊಮ್ಯಾಟಿಕ್ಕೇ ಬಂತು. ನನ್ನ ಹಳೆಯ ಉಳಿತಾಯದಿಂದ ಆ 50,000ವನ್ನು ನಾನೇ ಕೊಟ್ಟೆ. ಟ್ಯಾಂಕು ತುಂಬಿಸಿದಾಗಲೆಲ್ಲ ಲೀಟರನ್ನೂ ಮೀಟರನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುತ್ತೇನೆ. ಒಬ್ಬಳೇ ಅವಸರವಿಲ್ಲದೆ ಹೋದ ವಾರ ಲೀಟರಿಗೆ ಇಪ್ಪತ್ತು ಮೀರಿದ್ದಿದೆ. ಅಮ್ಮನ ಡಾಕ್ಟರ ಗಡಿಬಿಡಿಯಲ್ಲಿ ಎಂಬತ್ತರಲ್ಲಿ ಓಡಿಸಿದ ವಾರ ಹದಿನೇಳಕ್ಕೆ ಇಳಿದದ್ದೂ ಇದೆ. ಅರವತ್ತು ಕಿಲೋಮೀಟರಿನ ದಾರಿಯನ್ನು ಅರವತ್ತರ ಬದಲು ಎಂಬತ್ತರಲ್ಲಿ ಓಡಿಸಿದರೆ ಸಿಗುವುದು ಹದಿನೈದು ನಿಮಿಷ, ಅದೂ ರಸ್ತೆ ಪೂರ್ತಿ ಖಾಲಿ ಇದ್ದರೆ. ಹದಿನೈದು ನಿಮಿಷ ಮೊದಲೇ ಹೊರಟರೆ ಸಾಕು ಎಂಬ ಪಾಠವನ್ನು ಯಾವ ಗೇರ್‌ಬಾಕ್ಸೂ ಕಲಿಸಲಿಲ್ಲ, ಆ ಪುಸ್ತಕ ಕಲಿಸಿತು. ತರಕಾರಿಗೆ ನಡೆದೇ ಹೋಗುತ್ತೇನೆ. ಸಮತಟ್ಟಿನಲ್ಲಿ ಅಷ್ಟು ನಡೆದರೆ ಮಂಡಿಗೂ ಒಳ್ಳೆಯದು ಎಂದಿದ್ದಾರೆ ಡಾಕ್ಟರು.

ಹನಿ ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದರು. ಆ ಹನಿ ಯಾರ ಬೆವರಿನದು, ಯಾರ ಕಣ್ಣಿನದು ಎಂದು ಕೇಳುವುದನ್ನೂ ಅವರು ಹೇಳಿಕೊಡಬೇಕಿತ್ತು. ನಿಮ್ಮ ಮನೆಯಲ್ಲಿ 'ಎಷ್ಟು ಉಳಿಯಿತು' ಎಂಬ ಮಾತು ಬಂದಾಗ ಜೊತೆಗೆ 'ಯಾರಿಂದ ಉಳಿಯಿತು' ಎಂದೂ ಒಮ್ಮೆ ಕೇಳಿ ನೋಡಿ. ಕೆಲವು ಉಳಿತಾಯಗಳು ಇನ್ನೂ ದೊಡ್ಡವಾಗಿ ಕಾಣುತ್ತವೆ. ಕೆಲವು, ಬರೀ ಸಾಲ ಎಂದು ಗೊತ್ತಾಗುತ್ತದೆ.